ವಾಯುಮಾರ್ಗ ದೂರಮಾಪನ

ಎರಡು ವಿಮಾನ ನಿಲ್ದಾಣಗಳ ನಡುವಿನ ಅತಿ ಕಡಿಮೆ ಅಂತರವನ್ನು ಭೂಮಿಯ ಮೇಲ್ಮೈಗುಂಟ ಲೆಕ್ಕಹಾಕುವ ವಿಧಾನ. ನಿಲ್ದಾಣಗಳು ಹತ್ತಿರವಿದ್ದರೆ ನಕ್ಷೆ, ಅಳತೆಪಟ್ಟಿ ಸಾಕು; ನಡುವೆ ಸಾಗರವಿದ್ದಾಗ ಸಾಲವು. ಚಿಲಿಯ ರಾಜಧಾನಿ ಸ್ಯಾಂಟಿಯಾಗೊ ಮತ್ತು ಅದೇ ದೇಶದ ಈಸ್ಟರ್ ದ್ವೀಪದಲ್ಲಿರುವ ಮಾಟವೇರಿ ನಿಲ್ದಾಣಗಳ ಜೋಡಿ ಇದಕ್ಕೆ ಒಳ್ಳೆಯ ಉದಾಹರಣೆ.

ಮಹಾವೃತ್ತ: ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಹ್ರಸ್ವ ಹಾದಿ, ಗೋಳದ ಕೇಂದ್ರವನ್ನೇ ತನ್ನ ಕೇಂದ್ರವಾಗುಳ್ಳ ವೃತ್ತದ ಚಾಪ. ಅಕ್ಷಾಂಶ, ರೇಖಾಂಶಗಳನ್ನು ಹ್ಯಾವರ್‌ಸೈನ್ ಸೂತ್ರದಲ್ಲಿಟ್ಟು, ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಎಂದು ಹಿಡಿದರೆ ಈ ಜೋಡಿಗೆ ಸುಮಾರು 3,752 ಕಿ.ಮೀ. ಬರುತ್ತದೆ. ದಿಕ್ಸೂಚಿಯ ಒಂದೇ ಕೋನ ಹಿಡಿದು ಹಾರಿದರೆ ಸುಮಾರು 3,771 ಕಿ.ಮೀ. ಆಗುತ್ತದೆ. ಅಳತೆ ನಡೆಯುವುದು ಪ್ರತಿ ನಿಲ್ದಾಣಕ್ಕೂ ಗೊತ್ತುಮಾಡಿದ ಒಂದು ಬಿಂದುವಿನಿಂದ. ಅದು ಸಾಮಾನ್ಯವಾಗಿ ನಿಲ್ದಾಣದ ನಡುಭಾಗದಲ್ಲಿರುತ್ತದೆ. ಮಾಟವೇರಿಯ ರನ್‌ವೇ 3,318 ಮೀಟರ್ ಉದ್ದವಿದೆ. ಆದ್ದರಿಂದ ಬಿಂದುವಿನ ಆಯ್ಕೆಯಿಂದಲೇ ಒಂದೂವರೆ ಕಿ.ಮೀ.ವರೆಗೆ ವ್ಯತ್ಯಾಸ ಬರಬಹುದು.

ಭೂಮಿಯ ಆಕಾರ: ಭೂಮಿ ಪೂರ್ಣ ಗೋಳವಲ್ಲ. ಸಮಭಾಜಕ ವೃತ್ತದಲ್ಲಿ ಅದರ ತ್ರಿಜ್ಯ 6,378.137 ಕಿ.ಮೀ., ಧ್ರುವದಲ್ಲಿ ಸುಮಾರು 6,356.752 ಕಿ.ಮೀ. ಈ ಚಪ್ಪಟೆತನದ ನಿಖರ ಪ್ರಮಾಣ ತಿಳಿಯಲು ನಡೆದ ದೊಡ್ಡ ದುಡಿಮೆಯಲ್ಲಿ ದಕ್ಷಿಣ ಭಾರತಕ್ಕೆ ಗಣ್ಯ ಪಾಲಿದೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಬಳಿ, 1804ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಗಳನ್ನು ಸರಪಳಿಯಿಂದ ಅಳೆದ. ಅವನಿಂದ ಮೊದಲಾದ ತ್ರಿಕೋನ ಸರ್ವೇಕ್ಷಣೆಯ ಫಲವಾಗಿ ಜಾರ್ಜ್ ಎವರೆಸ್ಟ್ 1830ರಲ್ಲಿ ರೂಪಿಸಿದ ಎಲಿಪ್ಸಾಯ್ಡ್ (ಧ್ರುವಗಳಲ್ಲಿ ಚಪ್ಪಟೆಯಾದ ಗೋಳದ ಮಾದರಿ) ಭಾರತದ ನಕ್ಷೆಗಳಿಗೆ ಬಹುಕಾಲ ಆಧಾರವಾಗಿತ್ತು. ಆದರೆ ಅದು ಈ ಭೂಭಾಗಕ್ಕೆ ಹೊಂದುವಂಥದ್ದು. ಖಂಡಾಂತರ ಹಾರಾಟಕ್ಕೆ ಜಗತ್ತಿಗೆಲ್ಲ ಒಂದೇ ಮಾದರಿ ಬೇಕಾಯಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1998ರ ಜನವರಿ 1ರಿಂದ ಡಬ್ಲ್ಯುಜಿಎಸ್-84 ಎಂಬ ಜಾಗತಿಕ ಮಾದರಿಯನ್ನು ಮಾನಕವಾಗಿ ಜಾರಿಗೆ ತಂದಿತು.

ಎಲಿಪ್ಸಾಯ್ಡ್ ಮೇಲಿನ ದೂರಕ್ಕೆ ತಡಿಯಸ್ ವಿನ್ಸೆಂಟಿ 1975ರಲ್ಲಿ ಕೊಟ್ಟ ಸೂತ್ರ ಮಿಲಿಮೀಟರಿನಷ್ಟು ನಿಖರ. ಉತ್ತರವನ್ನು ಹಂತಹಂತವಾಗಿ ತಿದ್ದುತ್ತ ಹೋಗುವ ಈ ಸೂತ್ರ, ಎರಡು ಬಿಂದುಗಳು ಭೂಮಿಯ ಹೆಚ್ಚುಕಡಿಮೆ ಎದುರುಬದುರು ತುದಿಗಳಲ್ಲಿದ್ದರೆ ಉತ್ತರಕ್ಕೆ ಬಂದು ನಿಲ್ಲುವುದೇ ಇಲ್ಲ. ಚಾರ್ಲ್ಸ್ ಕಾರ್ನಿ 2013ರಲ್ಲಿ ಪ್ರಕಟಿಸಿದ ವಿಧಾನ ಈ ಕೊರತೆಯನ್ನು ನೀಗಿಸಿತು. ಮಾಟವೇರಿ ಹಾದಿ ಬಹುಮಟ್ಟಿಗೆ ಪೂರ್ವ-ಪಶ್ಚಿಮವಾಗಿರುವುದರಿಂದ ಎಲಿಪ್ಸಾಯ್ಡ್ ಲೆಕ್ಕದಲ್ಲಿ ಗೋಳದ ಲೆಕ್ಕಕ್ಕಿಂತ ಸುಮಾರು 6 ಕಿ.ಮೀ. ಹೆಚ್ಚು ಬರುತ್ತದೆ.

ಗಾಳಿಯ ಪ್ರಭಾವ: ಇಂಧನದ ಲೆಕ್ಕಕ್ಕೆ ನೆಲದ ದೂರಕ್ಕಿಂತ ಮುಖ್ಯವಾದದ್ದು ಗಾಳಿಯಲ್ಲಿ ಕ್ರಮಿಸುವ ದೂರ. ಪಶ್ಚಿಮದ ಮಾರುತಗಳಿಗೆ ಎದುರಾಗಿ ದ್ವೀಪಕ್ಕೆ ಹೋಗುವ ವಿಮಾನಕ್ಕೆ ಸಾಮಾನ್ಯವಾಗಿ ಮರುಪಯಣಕ್ಕಿಂತ ಹೆಚ್ಚು ಹೊತ್ತು ಬೇಕು. ಮಾಟವೇರಿಯಲ್ಲಿ ಇಳಿಯಲಾಗದಿದ್ದರೆ ಪಶ್ಚಿಮಕ್ಕಿರುವ ಮಾಂಗರೇವಾ ದ್ವೀಪ ಸುಮಾರು 2,600 ಕಿ.ಮೀ. ದೂರ. ಹೀಗಾಗಿ ಮುಂದುವರಿಯಲೂ ಹಿಂದಿರುಗಲೂ ಸಮಾನ ಹೊತ್ತು ಹಿಡಿಯುವ ಸ್ಥಾನವನ್ನು ಮೊದಲೇ ಗೊತ್ತುಮಾಡಬೇಕು. ಎದುರುಗಾಳಿಯಿದ್ದಾಗ ಅದು ಹಾದಿಯ ನಡುವಿಗಿಂತ ಮುಂದೆ, ಗಮ್ಯದ ಕಡೆಗೆ ಸರಿದಿರುತ್ತದೆ.

ಭಾರತದ ಮಾರ್ಗ: ಮಹಾವೃತ್ತದ ಹಾದಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ದೂರ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮೇಲಿನ ಹಾದಿಯಲ್ಲಿ ಈ ಮಾರ್ಗದ ಮೊದಲ ಹಾರಾಟವನ್ನು ಪೂರೈಸಿತು.