ಬಿಡದ ಕೇಪು: ಹಿತ್ತಾಳೆಯ ತೋಟಾದ ಚರಿತ್ರೆಯಲ್ಲಿ ಒಂದು ಅಧ್ಯಾಯ

ಮಲೆನಾಡಿನ ಮತ್ತು ಕೊಡಗಿನ ಮಾತಿನಲ್ಲಿ ಬೇಟೆಯ ಕೋವಿಗಳು ಎರಡು ಬಗೆ: ಒಂದು ಕೇಪಿನ ಕೋವಿ, ಮತ್ತೊಂದು ತೋಟಾ ಕೋವಿ. ಈ ಎರಡು ಹೆಸರುಗಳಲ್ಲಿ ಬಂದೂಕಿನ ಚರಿತ್ರೆಯ ಒಂದು ದೊಡ್ಡ ತಿರುವೇ ಅಡಗಿದೆ. ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಮದ್ದನ್ನೂ ಗುಂಡನ್ನೂ ಗಿಡಿದು, ಹಿಂಬದಿಯ ಚಿಕ್ಕ ಕೊಳವೆಯ ತುದಿಗೆ ತಾಮ್ರದ ಕೇಪನ್ನು ತೊಡಿಸಬೇಕು. ಕುದುರೆ ಬಡಿದು ಈಡು ಹಾರಿದ ಮೇಲೆ ಉರಿದ ಕೇಪು ಹೊರಗೇ ಉಳಿಯುತ್ತದೆ. ಉಗುರಿನಿಂದ ಕೆದಕಿದರೂ ಬಿದ್ದುಹೋಗುತ್ತದೆ. ತೋಟಾ ಕೋವಿಯಲ್ಲಾದರೋ ಮದ್ದು, ಗುಂಡು, ಕೇಪು ಮೂರೂ ಒಂದೇ ಕೋಶದಲ್ಲಿ ಸೇರಿಕೊಂಡವು. ಕೇಪು ಕೋಶದ ತಳದಲ್ಲಿ ಕೊರೆದ ಗೂಡನ್ನು ಬಿಗಿಯಾಗಿ ಹೊಕ್ಕು ಕುಳಿತಿತು. ಉರಿದ ಕೇಪನ್ನು ಹೊರತೆಗೆಯುವುದು ಅಂದಿನಿಂದ ಒಂದು ಪ್ರತ್ಯೇಕ ಕಸುಬಾಯಿತು.

ಈ ಕಸುಬಿಗೆ ಏಕೆ ಇಷ್ಟು ಮಹತ್ವ ಎಂದು ಕೇಳಬಹುದು. ತೋಟಾದ ನಾಲ್ಕು ಅಂಗಗಳಲ್ಲಿ ಗುಂಡು ಹಾರಿಹೋಗುತ್ತದೆ, ಮದ್ದು ಉರಿದುಹೋಗುತ್ತದೆ, ಕೇಪು ಒಂದೇ ಏಟಿಗೆ ನಿಷ್ಪ್ರಯೋಜಕವಾಗುತ್ತದೆ. ಹಿತ್ತಾಳೆಯ ಕೋಶವೊಂದೇ ಉಳಿಯುವುದು. ತಯಾರಿಕೆಯಲ್ಲಿ ಹೆಚ್ಚಿನ ಶ್ರಮವೂ ವೆಚ್ಚವೂ ತಗಲುವುದು ಈ ಕೋಶಕ್ಕೇ. ಲೆಕ್ಕದ ಮಾತಿನಲ್ಲಿ ಹೇಳುವುದಾದರೆ, ಉಳಿದ ಮೂರು ಖರ್ಚು, ಕೋಶವು ಮೂಲಧನ. ಹಳೆಯ ಕೇಪನ್ನು ತೆಗೆದು, ಕೋಶವನ್ನು ಮೊದಲಿನ ಅಳತೆಗೆ ತಂದು, ಹೊಸ ಕೇಪು, ಮದ್ದು, ಗುಂಡುಗಳನ್ನು ಕೂಡಿಸಿದರೆ ಅದು ಮತ್ತೆ ಮತ್ತೆ ಬಳಕೆಗೆ ಬರುತ್ತದೆ. ಉರಿದ ಕೇಪು ಹೊರಬಾರದಿದ್ದರೆ ಮುಂದಿನ ಯಾವ ಕ್ರಮವೂ ಸಾಗದು. ಕೇಪಿನ ಈ ಹಠಕ್ಕೆ ಬರಿಯ ಲೋಹದ ಸ್ವಭಾವವೇ ಕಾರಣವೆಂದು ತೋರಬಹುದು. ಚರಿತ್ರೆಯನ್ನು ನೋಡಿದರೆ, ಅದರ ಒಂದೊಂದು ಬಗೆಯ ಹಿಂದೆಯೂ ಬೇರಾವುದೋ ಉದ್ದೇಶಕ್ಕಾಗಿ ಯಾರೋ ಕೈಗೊಂಡ ಒಂದು ನಿರ್ಧಾರವಿರುವುದು ಕಾಣುತ್ತದೆ.

ಕೇಪಿನ ಮೂಲವಸ್ತುವಾದ ಪಾದರಸದ ಫಲ್ಮಿನೇಟನ್ನು ಇಂಗ್ಲೆಂಡಿನ ಎಡ್ವರ್ಡ್ ಹೋವರ್ಡ್ ೧೮೦೦ರಲ್ಲಿ ರಾಯಲ್ ಸೊಸೈಟಿಯ ಮುಂದೆ ವಿವರಿಸಿದನು. ಅಂಥ ಸಿಡಿವಸ್ತುಗಳನ್ನು ಬಡಿದು ಬೆಂಕಿ ಹುಟ್ಟಿಸುವ ಕ್ರಮಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫೋರ್ಸೈತ್ ೧೮೦೭ರಲ್ಲಿ ಹಕ್ಕುಪತ್ರ ಪಡೆದನು. ಚಕಮಕಿಕಲ್ಲಿನ ಕಿಡಿಯೂ ಕಿವಿಯ ರಂಜಕವೂ ಕ್ರಮೇಣ ಮರೆಯಾಗಿ ತಾಮ್ರದ ಕೇಪು ಬಳಕೆಗೆ ಬಂದಿತು. ೧೮೫೭ರಲ್ಲಿ ಭಾರತದ ಸಿಪಾಯಿಗಳು ಮುಟ್ಟಲೊಲ್ಲದೆ ತಿರಸ್ಕರಿಸಿದ ಎನ್‌ಫೀಲ್ಡ್ ಬಂದೂಕಿನ ತೋಟಾ ಕಾಗದದ್ದು. ಅದರ ಕೇಪು ಬೇರೆಯಾಗಿಯೇ ಇರುತ್ತಿದ್ದಿತು. ಲೋಹದ ಕೋಶದೊಳಗೆ ಕೇಪನ್ನು ನೆಲೆಗೊಳಿಸುವ ಪ್ರಶ್ನೆ ಇನ್ನೂ ಉಳಿದಿದ್ದಿತು.

ಆ ಪ್ರಶ್ನೆಗೆ ೧೮೬೬ರಲ್ಲಿ ಎರಡು ಉತ್ತರಗಳು ಬಂದವು. ಒಂದು, ಅಮೆರಿಕದ ಅಂತರ್ಯುದ್ಧದಲ್ಲಿ ಗುರಿಕಾರರ ದಳವೊಂದನ್ನು ನಡೆಸಿದ್ದ ಹೈರಂ ಬರ್ಡಾನನದು. ಇನ್ನೊಂದು, ವುಲಿಚ್‌ನ ರಾಯಲ್ ಲ್ಯಾಬೊರೇಟರಿಯ ಅಧೀಕ್ಷಕನಾಗಿದ್ದ ಎಡ್ವರ್ಡ್ ಬಾಕ್ಸರನದು. ಕೇಪಿನೊಳಗಿನ ಸಿಡಿವಸ್ತು ಸಿಡಿಯಬೇಕಾದರೆ ಮೇಲಿನ ಏಟಿಗೆ ಎದುರಾಗಿ ಕೆಳಗೊಂದು ಅಡಿಗಲ್ಲು ಇರಲೇಬೇಕು. ಬರ್ಡಾನನು ಆ ಅಡಿಗಲ್ಲನ್ನು ಕೋಶದ ತಳದಲ್ಲಿಯೇ ಚಿಕ್ಕ ಉಬ್ಬಾಗಿ ರೂಪಿಸಿ, ಬೆಂಕಿ ಮದ್ದಿಗೆ ತಲುಪಲೆಂದು ಅದರ ಎರಡು ಮಗ್ಗುಲಿಗೆ ಸಣ್ಣ ರಂಧ್ರಗಳನ್ನಿಟ್ಟನು. ಬಾಕ್ಸರನ ಕ್ರಮದಲ್ಲಿ ಅಡಿಗಲ್ಲು ಕೇಪಿನ ಒಡನೆಯೇ ಸೇರಿದ ಬಿಡಿಭಾಗ. ಕೋಶದ ತಳದಲ್ಲಿ ನಟ್ಟನಡುವೆ ಒಂದೇ ರಂಧ್ರ.

ವ್ಯತ್ಯಾಸ ಸಣ್ಣದೆಂದು ತೋರಿದರೂ ಪರಿಣಾಮ ಸಣ್ಣದಲ್ಲ. ಬಾಕ್ಸರ್ ಕ್ರಮದ ಕೋಶಕ್ಕೆ ಬಾಯಿಂದ ಒಂದು ನೇರವಾದ ಸೂಜಿಯನ್ನು ಇಳಿಬಿಟ್ಟರೆ ಅದು ನಡುವಣ ರಂಧ್ರವನ್ನು ಹಾದು ಉರಿದ ಕೇಪನ್ನು ಹೊರಕ್ಕೆ ತಳ್ಳುತ್ತದೆ. ಬರ್ಡಾನ್ ಕೋಶದಲ್ಲಿ ಅದೇ ಸೂಜಿ ಅಡಿಗಲ್ಲಿಗೆ ತಾಗಿ ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ಅಲ್ಲಿ ಕೇಪನ್ನು ಹೊರಗಿನಿಂದಲೇ ಮೊನಚಾದ ಕೊಕ್ಕೆಯಿಂದ ಚುಚ್ಚಿ, ಮೀಟಿ ಎಬ್ಬಿಸಬೇಕು. ಇನ್ನೊಂದು ಉಪಾಯವೂ ಉಂಟು: ಕೋಶದ ತುಂಬ ನೀರು ಹೊಯ್ದು, ಬಾಯಿಗೆ ಸರಿಹೊಂದುವ ಕಡ್ಡಿಯನ್ನಿಟ್ಟು ಬಡಿದರೆ, ನೀರಿನ ಒತ್ತಡ ಎರಡು ರಂಧ್ರಗಳ ಮೂಲಕ ಹಾದು ಕೇಪನ್ನು ಹೊರಕ್ಕೆ ಚಿಮ್ಮಿಸುತ್ತದೆ. ಒತ್ತಡವು ದ್ರವದಲ್ಲಿ ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬ ಪಾಸ್ಕಲನ ನಿಯಮ ಇಲ್ಲಿ ಕಸುಬುದಾರನ ಕೈಯಲ್ಲಿ ಕೆಲಸ ಮಾಡುತ್ತದೆ.

ಇಲ್ಲಿ ಚರಿತ್ರೆಯ ವಿನೋದವೊಂದನ್ನು ಗಮನಿಸಬೇಕು. ಬಾಕ್ಸರನು ಸ್ನೈಡರ್ ಬಂದೂಕಿಗಾಗಿ ರೂಪಿಸಿದ ತೋಟಾ ತೆಳುವಾದ ಹಿತ್ತಾಳೆಯ ತಗಡನ್ನು ಸುರುಳಿ ಸುತ್ತಿ ಕಬ್ಬಿಣದ ತಳಕ್ಕೆ ಜೋಡಿಸಿದುದು. ಅದು ಮರುಬಳಕೆಗೆ ಒಗ್ಗುವಂಥದಲ್ಲ. ಬರ್ಡಾನನ ಕೋಶವಾದರೋ ಒಂದೇ ಲೋಹದ ಬಿಲ್ಲೆಯಿಂದ ಎಳೆದು ಮಾಡಿದುದು; ಗಟ್ಟಿಯಾದುದು, ಮರುಬಳಕೆಗೆ ತಕ್ಕುದು. ಹೀಗೆ ಒಬ್ಬನಲ್ಲಿ ಸುಲಭವಾಗಿ ಬಿಡುವ ಕೇಪು, ಇನ್ನೊಬ್ಬನಲ್ಲಿ ಬಾಳುವ ಕೋಶ. ಮರುತುಂಬಿಕೆಗೆ ಬೇಕಾದ ಅರ್ಧರ್ಧ ಇಬ್ಬರಲ್ಲಿ ಹಂಚಿಹೋಗಿದ್ದಿತು. ಸುರುಳಿ ತಗಡಿನ ದೌರ್ಬಲ್ಯ ಮಾರ್ಟಿನಿ-ಹೆನ್ರಿ ಬಂದೂಕಿನಲ್ಲಿ ಬಯಲಾಯಿತು. ೧೮೮೫ರ ಜನವರಿಯಲ್ಲಿ ಸುಡಾನಿನ ಅಬು ಕ್ಲಿಯಾ ಕಾಳಗದಲ್ಲಿ ಬ್ರಿಟಿಷ್ ಸೈನಿಕರ ಬಂದೂಕುಗಳಲ್ಲಿ ತೋಟಾಗಳು ಸಿಕ್ಕಿಹಾಕಿಕೊಂಡವು. ಅನಂತರ ಬ್ರಿಟನ್ನೂ ಎಳೆದು ಮಾಡಿದ ಕೋಶಕ್ಕೆ ತಿರುಗಿತು. ಎರಡು ಕ್ರಮಗಳು ದೇಶಗಳನ್ನೂ ಅದಲುಬದಲು ಮಾಡಿಕೊಂಡವು. ಇಂಗ್ಲಿಷ್ ಅಧಿಕಾರಿಯ ಕೇಪಿನ ತತ್ತ್ವ ಅಮೆರಿಕದಲ್ಲಿ ನೆಲಸಿತು. ಅಮೆರಿಕದವನ ಕೇಪು ರಷ್ಯಕ್ಕೂ ಯೂರೋಪಿನ ಬಹುತೇಕ ಸೇನೆಗಳಿಗೂ, ಬ್ರಿಟನ್ನಿನ.೩೦೩ ತೋಟಾಕ್ಕೂ ಹೋಗಿ ಸೇರಿತು.

ಈ ವಿನಿಮಯಕ್ಕೆ ಕಾರಣವನ್ನು ಬಳಕೆದಾರನಲ್ಲಿ ಹುಡುಕಬೇಕು. ಬರ್ಡಾನ್ ಕೇಪಿನಲ್ಲಿ ಬಿಡಿಭಾಗ ಕಡಿಮೆ. ಕೋಟಿಗಟ್ಟಲೆ ತಯಾರಿಸುವ ಸರಕಾರಿ ಕಾರ್ಖಾನೆಗೆ ಅದು ಅಗ್ಗ. ರಣರಂಗದಲ್ಲಿ ಉದುರಿದ ಕೋಶವನ್ನು ಸೈನಿಕನು ಹೆಕ್ಕಿ ಮತ್ತೆ ತುಂಬುವುದಿಲ್ಲವಾದ ಕಾರಣ, ಕೇಪು ಬಿಡುವುದೋ ಬಿಡದೋ ಎಂಬುದು ಸೇನೆಗೆ ಚಿಂತೆಯ ವಿಷಯವಾಗಲಿಲ್ಲ. ಅಮೆರಿಕದ ಪಶ್ಚಿಮ ಬಯಲುಗಳ ಸ್ಥಿತಿ ಬೇರೆ. ೧೮೭೦ರ ದಶಕದಲ್ಲಿ ಅಲ್ಲಿ ಕಾಡುಕೋಣಗಳನ್ನು ಬೇಟೆಯಾಡುತ್ತಿದ್ದವರು ಅಂಗಡಿಯಿಂದ ಬಹುದೂರ. ಸೀಸ, ಮದ್ದು, ಕೇಪುಗಳನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಿ, ಬೀಡಿನ ಬೆಂಕಿಯ ಬಳಿ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಿದ್ದರು. ಅಮೆರಿಕದ ಸೇನೆಯೂ ೧೮೭೩ರ ಬಂದೂಕಿಗೆ ಮೊದಲು ಕೊಟ್ಟುದು ಕೇಪು ಒಳಗೇ ಹುದುಗಿದ ತಾಮ್ರದ ಕೋಶ. ಅದನ್ನು ಮತ್ತೆ ತುಂಬುವ ದಾರಿಯೇ ಇರಲಿಲ್ಲ. ೧೮೮೨ರ ಸುಮಾರಿಗೆ ಹೊರಗಿನಿಂದ ಕೇಪು ಕೂಡಿಸುವ ಕೋಶ ಬಂದು, ಗುರಿಯ ಅಭ್ಯಾಸಕ್ಕಾಗಿ ಸೇನೆಯ ತುಕಡಿಗಳಿಗೆ ಮರುತುಂಬುವ ಸಲಕರಣೆಗಳೂ ದೊರೆತವು. ೧೮೮೪ರಲ್ಲಿ ಜಾನ್ ಬಾರ್ಲೊ ಎಂಬಾತನು ಐಡಿಯಲ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಇಕ್ಕಳದಂಥ ಕೈಸಾಧನಗಳನ್ನು ಮಾರತೊಡಗಿದನು. ಜೇಬಿನಲ್ಲಿ ಹಿಡಿಯುವ ಸಾಧನದಿಂದ ಕೇಪು ತೆಗೆಯುವಂತಾದಲ್ಲಿ ಒಂದೇ ರಂಧ್ರದ ಕ್ರಮ ಗೆದ್ದುದು ಸಹಜವೇ ಸರಿ.

ಹಾಗೆಂದು ಬಾಕ್ಸರ್ ಕೇಪು ಎಂದೂ ಹಠ ಹಿಡಿಯುವುದಿಲ್ಲವೆಂದಲ್ಲ. ಮೊದಲನೆಯ ತೊಡಕು ರಸಾಯನದ್ದು. ಕರಿಮದ್ದಿನ ಕಾಲದಲ್ಲಿ ಮಸಿಯ ಕಿಟ್ಟ ಫಲ್ಮಿನೇಟಿನ ಪಾದರಸವನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತಿದ್ದಿತು. ಹೊಗೆಯಿಲ್ಲದ ಮದ್ದು ಬಂದ ಮೇಲೆ ಪಾದರಸ ನೇರವಾಗಿ ಹಿತ್ತಾಳೆಯೊಳಕ್ಕೆ ಇಳಿದು ಕೋಶ ಬಿರುಸಾಗಿ ಒಡೆಯತೊಡಗಿತು. ಪಾದರಸಕ್ಕೆ ಬದಲಾಗಿ ಪೊಟಾಸಿಯಂ ಕ್ಲೋರೇಟನ್ನು ಆಶ್ರಯಿಸಿದ ಕೇಪುಗಳು ಕೋಶವನ್ನು ಉಳಿಸಿದವು, ಆದರೆ ನಳಿಗೆಗೆ ತುಕ್ಕು ತಂದವು. ಕ್ಲೋರೇಟು ಉರಿದು ಉಳಿಯುವ ಉಪ್ಪು ಗಾಳಿಯ ತೇವವನ್ನು ಸೆಳೆಯುವುದೇ ಇದಕ್ಕೆ ಕಾರಣವೆಂದು ಅಮೆರಿಕದ ಗಣಿ ಇಲಾಖೆಯ ವಿಲ್ಬರ್ಟ್ ಹಫ್ ೧೯೨೨ರಲ್ಲಿ ತೋರಿಸಿಕೊಟ್ಟನು. ತೊಳೆಯದೆ ಬಿಟ್ಟ ಕೋಶದಲ್ಲಿ ಅದೇ ಉಪ್ಪಿನ ತೇವದಿಂದ ಕೇಪಿಗೂ ಗೂಡಿಗೂ ನಡುವೆ ಹಸುರು ಕಿಲುಬು ಬೆಳೆದು ಎರಡನ್ನೂ ಬೆಸೆಯುತ್ತದೆ. ಅಂಥ ಕೇಪನ್ನು ತಳ್ಳಿದರೆ ನಡುಭಾಗ ಮಾತ್ರ ತೂತುಬಿದ್ದು, ಅಂಚಿನ ಬಳೆ ಗೂಡಿನಲ್ಲೇ ನಿಲ್ಲುತ್ತದೆ. ಗುಂಡು ಹಾರಿಸಿದ ದಿನವೇ ಕೋಶವನ್ನು ಬಿಸಿನೀರಿನಲ್ಲಿ ತೊಳೆಯುವುದೂ, ತೊಳೆಯದೆ ಉಳಿದುದಕ್ಕೆ ಎಣ್ಣೆ ಊಡಿ ಕಾಯುವುದೂ ಇದಕ್ಕೆ ಪರಿಹಾರಗಳು. ೧೯೨೭ರಲ್ಲಿ ರೆಮಿಂಗ್ಟನ್ ಸಂಸ್ಥೆಯ ತುಕ್ಕು ತಾರದ ಕೇಪು ಪೇಟೆಗೆ ಬಂದ ಬಳಿಕ ಈ ತೊಡಕು ಮೆಲ್ಲಮೆಲ್ಲನೆ ಇಳಿಯಿತು.

ಎರಡನೆಯ ತೊಡಕು ಯುದ್ಧದ್ದು. ಯಂತ್ರಬಂದೂಕಿನ ರಭಸದಲ್ಲಿ ಕೇಪು ಸಡಿಲಗೊಂಡು ಯಂತ್ರದೊಳಗೆ ಬಿದ್ದರೆ ಬಂದೂಕು ನಿಂತುಹೋಗುತ್ತದೆ. ಆದುದರಿಂದ ಸೇನೆಗಾಗಿ ತಯಾರಾಗುವ ತೋಟಾಗಳಲ್ಲಿ ಕೇಪಿನ ಸುತ್ತಲಿನ ಹಿತ್ತಾಳೆಯನ್ನು ಒಳಕ್ಕೆ ಮಡಿಸಿ ಬಿಗಿಯುವ ರೂಢಿಯಾಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಥ ಕೋಶಗಳು ಅಮೆರಿಕದ ಪೇಟೆಯಲ್ಲಿ ಹೇರಳವಾಗಿ ದೊರೆತು, ಮನೆಯಲ್ಲಿ ತೋಟಾ ತುಂಬುವವರ ಸಂಖ್ಯೆ ಬೆಳೆಯಿತು. ಅವರ ಸೂಜಿಗಳು ಮುರಿದುದೂ ಆಗಲೇ. ದಪ್ಪನಾದ ಗಟ್ಟಿಸೂಜಿಯಿಂದ ಕೇಪನ್ನು ಹೊರಹಾಕಿದರೂ ಕೆಲಸ ಮುಗಿಯದು. ಮಡಿಸಿದ ಅಂಚು ಹೊಸ ಕೇಪನ್ನು ಒಳಕ್ಕೆ ಬಿಡದು. ಅದನ್ನು ಹೆರೆದು ಅಥವಾ ಅಮುಕಿ ಸಮಮಾಡಿದ ಮೇಲೆಯೇ ಗೂಡು ಸಿದ್ಧವಾಗುವುದು. ಒಂದು ಸಲ ಹೀಗೆ ಮಾಡಿದ ಕೋಶಕ್ಕೆ ಆ ಕೆಲಸ ಮತ್ತೆ ಬೇಕಾಗುವುದಿಲ್ಲ. ಸೈನಿಕನ ಕ್ಷೇಮಕ್ಕೆಂದು ಹಾಕಿದ ಬಿಗಿಯೇ ಶಾಂತಿಕಾಲದ ಬಳಕೆದಾರನ ಕೈಗೆ ತೊಡಕಾಯಿತು.

ಈ ಚರಿತ್ರೆಗೆ ಭಾರತದ ನೆಲದ ನಂಟೂ ಉಂಟು. ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆಲಾಯಗಳಲ್ಲಿ ಕೂಡಿಡುತ್ತಿದ್ದಾಗ, ಒಮ್ಮೆಯೂ ಹಾರಿಸದ ಕೋಶಗಳಲ್ಲಿ ಬಿರುಕುಗಳು ಕಾಣಿಸಿಕೊಂಡವು. ಋತುವಿಗನುಗುಣವಾಗಿ ಬರುತ್ತಿದ್ದ ಕಾರಣ ಅದಕ್ಕೆ ಋತುಬಿರುಕು ಎಂಬರ್ಥದ ಹೆಸರೇ ಬಿದ್ದಿತು. ಲಾಯದ ಮೂತ್ರದಿಂದೇಳುವ ಅಮೋನಿಯಾ, ಎಳೆತದಿಂದ ಹಿತ್ತಾಳೆಯಲ್ಲಿ ಉಳಿದ ಒಳಬಿಗಿತ, ಇವೆರಡೂ ಕೂಡಿ ಲೋಹವನ್ನು ಸೀಳುವುವೆಂಬ ವಿವರಣೆ ದೊರೆತುದು ೧೯೨೧ರಲ್ಲಿ. ಕೋಶವನ್ನು ಹದವಾಗಿ ಕಾಯಿಸಿ ಒಳಬಿಗಿತವನ್ನು ಕಳೆಯುವುದೂ, ಅಮೋನಿಯಾ ಬೆರೆತ ದ್ರವವನ್ನು ದೂರವಿಡುವುದೂ ಇದರ ಪಾಠ. ಕಿಲುಬು ಕೂಡಲೇ ಕರಗುವುದೆಂದು ಬಿಡದ ಕೇಪಿಗೆ ಅಮೋನಿಯಾ ಹಚ್ಚುವವನು ಕೇಪನ್ನು ಗೆದ್ದು ಕೋಶವನ್ನು ಕಳೆದುಕೊಂಡಾನು.

ಪುಣೆಯ ಖಡಕಿಯ ಮದ್ದುಗುಂಡಿನ ಕಾರ್ಖಾನೆ ಸ್ಥಾಪನೆಯಾದುದು ೧೮೬೯ರಲ್ಲಿ, ಎಂದರೆ ಮೇಲಿನ ಎರಡು ಉತ್ತರಗಳು ಹೊರಬಿದ್ದ ಮೂರೇ ವರ್ಷಗಳಲ್ಲಿ. ಸ್ವಾತಂತ್ರ್ಯಾನಂತರ ಅದು ಭಾರತ ಸರಕಾರದ ಕೈಯಲ್ಲಿ ನಡೆದು, ೨೦೨೧ರಲ್ಲಿ ಮ್ಯುನಿಷನ್ಸ್ ಇಂಡಿಯಾ ಎಂಬ ಸರಕಾರಿ ಸಂಸ್ಥೆಗೆ ಸೇರಿತು. ಅಲ್ಲಿ ತಯಾರಾಗುತ್ತಿದ್ದ .೩೦೩ ತೋಟಾದ್ದು ಸೇನೆಯ ಕ್ರಮ, ಎಂದರೆ ಎರಡು ರಂಧ್ರದ ಬರ್ಡಾನ್ ಕ್ರಮ. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯಂತೆ ಮದ್ದುಗುಂಡು ಎಂಬ ಪದದಲ್ಲಿ ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಅಡಕವಾಗಿರುವುದರಿಂದ, ಅಮೆರಿಕದ ಗೃಹಕಸುಬಿಗೆ ಇಲ್ಲಿ ಆಸ್ಪದವಾಗಲಿಲ್ಲ. ಗುರಿಯಭ್ಯಾಸದ ಬಯಲಿನಲ್ಲಿ ಬರಿಗೋಶಗಳನ್ನು ಹೆಕ್ಕಿ, ಎಣಿಸಿ, ಒಪ್ಪಿಸುವುದೇ ಇಲ್ಲಿಯ ಪದ್ಧತಿ.

ಕಾನೂನಿನ ಅಂಕೆಗೆ ಅದರದೇ ಆದ ನ್ಯಾಯವುಂಟು. ಆಯುಧದ ಮಾತಿನಲ್ಲಿ ಅಂಕೆ ಬೇಡವೆಂದು ಯಾರೂ ಹೇಳಲಾರರು. ಆದರೆ ಕೇಪಿನ ಚರಿತ್ರೆ ಆಯುಧವನ್ನು ದಾಟಿದ ಒಂದು ವಿಚಾರವನ್ನು ಮುಂದಿಡುತ್ತದೆ. ವಸ್ತುವನ್ನು ಮಾಡುವವನು ಅದನ್ನು ಬಿಚ್ಚುವವನ ಕೈಯನ್ನು ನೆನೆದನೋ ಇಲ್ಲವೋ ಎಂಬುದು ಆ ವಸ್ತುವಿನ ತಳದಲ್ಲಿ ಬರೆದಿರುತ್ತದೆ. ಅಗ್ಗದ ತಯಾರಿಕೆಯನ್ನು ಬಯಸಿದ ಕಾರ್ಖಾನೆ, ಯಂತ್ರಬಂದೂಕು ನಿಲ್ಲಬಾರದೆಂದ ಸೇನೆ, ಕೋಶವನ್ನು ಉಳಿಸಿ ನಳಿಗೆಯನ್ನು ಮರೆತ ರಸಾಯನಜ್ಞ, ಇವರೆಲ್ಲರಿಗೂ ತಮ್ಮ ತಮ್ಮ ಕಾರಣಗಳಿದ್ದವು. ಉರಿದ ಕೇಪಿನ ಮುಂದೆ ಕೊಕ್ಕೆ ಹಿಡಿದು ಕುಳಿತವನು ಮಾತ್ರ ಅವರ ಎಣಿಕೆಯಲ್ಲಿ ಇರಲಿಲ್ಲ. ಅವನನ್ನು ಎಣಿಕೆಗೆ ತೆಗೆದುಕೊಂಡಲ್ಲಿ ಸಾಕಾದುದು, ನಡುವಣ ಒಂದೇ ಒಂದು ರಂಧ್ರ.