ಜೆನ್ನಿ ಲಿಂಡಳ ಅಮೆರಿಕಾ ಸಂಚಾರ (೧೮೫೦–೧೮೫೨): ಜನಪ್ರಿಯ ಗಾಯನದ ವಾಣಿಜ್ಯೇತಿಹಾಸದಲ್ಲಿ ಒಂದು ಅಧ್ಯಾಯ

೨೦೨೩ನೆಯ ಇಸವಿಯ ಮಾರ್ಚ್ ತಿಂಗಳಿನಿಂದ ೨೦೨೪ರ ಡಿಸೆಂಬರ್‌ವರೆಗೆ ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟರ ೧೪೯ ಕಚೇರಿಗಳು ಐದು ಖಂಡಗಳಲ್ಲಿ ನಡೆದುವು. ಒಂದು ಕೋಟಿಗೂ ಮಿಗಿಲಾದ ಶ್ರೋತೃಗಳು ಅವಕ್ಕೆ ಬಂದರೆಂದೂ, ಟಿಕೆಟ್ಟುಗಳಿಂದಲೇ ಇನ್ನೂರು ಕೋಟಿ ಡಾಲರುಗಳನ್ನು ಮೀರಿದ ಹಣ ಕೂಡಿತೆಂದೂ ಪ್ರಕಟವಾಗಿದೆ. ಟಿಕೆಟ್ಟುಗಳ ಮಾರಾಟದಲ್ಲಿ ಉಂಟಾದ ಅವ್ಯವಸ್ಥೆಯು ೨೦೨೩ರ ಜನವರಿಯಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದರ ವಿಚಾರಣೆಗೂ ವಸ್ತುವಾಯಿತು. ಇದನ್ನು ಕುರಿತು ಬರೆದವರಲ್ಲಿ ಅನೇಕರು ಇದೊಂದು ಅಭೂತಪೂರ್ವವಾದ ಸಂಗತಿಯೆಂದು ವರ್ಣಿಸಿದರು. ಹಣದ ಮೊತ್ತವನ್ನು ಮಾತ್ರ ನೋಡಿದರೆ ಆ ಮಾತು ಸಲ್ಲುತ್ತದೆ. ಆದರೆ ಸಂಚಾರದ ವಿಧಾನವನ್ನು ನೋಡಿದರೆ ಸಲ್ಲುವುದಿಲ್ಲ. ಮುಂಗಡವಾಗಿ ಹೂಡುವ ಬಂಡವಾಳ, ಗಾಯಕಿ ಬರುವ ಮೊದಲೇ ಹಬ್ಬಿಸುವ ಕೀರ್ತಿ, ಆಸನಗಳಿಗಾಗಿ ನಡೆಯುವ ಪೈಪೋಟಿ, ಆಕೆಯ ಹೆಸರಿನಲ್ಲಿ ಮಾರಾಟವಾಗುವ ಸರಕು, ದಾನಧರ್ಮಗಳ ಪ್ರಕಟಣೆ, ಇವೆಲ್ಲವೂ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಒಮ್ಮೆಗೇ, ಬಹುಮಟ್ಟಿಗೆ ಇಂದಿನ ರೂಪದಲ್ಲಿಯೇ, ಕಾಣಿಸಿಕೊಂಡಿದ್ದುವು. ೧೮೫೦ನೆಯ ಜನವರಿ ೯ರಂದು ಜರ್ಮನಿಯ ಲ್ಯೂಬೆಕ್ ನಗರದಲ್ಲಿ ಸ್ವೀಡನ್ ದೇಶದ ಗಾಯಕಿ ಜೆನ್ನಿ ಲಿಂಡಳು ಸಹಿ ಮಾಡಿದ ಒಪ್ಪಂದದಲ್ಲಿ ನಮೂದಾಗಿದ್ದ ಕಚೇರಿಗಳ ಸಂಖ್ಯೆ ೧೫೦.

ಆ ಸಂಚಾರದ ಆಯವ್ಯಯವನ್ನೂ, ಆ ಲೆಕ್ಕದ ಪುಸ್ತಕದಲ್ಲಿ ಕಾಣದ ಇನ್ನೊಂದು ಸಂಗತಿಯನ್ನೂ ಪರಿಶೀಲಿಸುವುದು ಪ್ರಸಕ್ತ ಲೇಖನದ ಉದ್ದೇಶ.

ಲಿಂಡಳು ಹುಟ್ಟಿದ್ದು ಸ್ಟಾಕ್‌ಹೋಮಿನಲ್ಲಿ, ೧೮೨೦ರ ಅಕ್ಟೋಬರ್ ೬ರಂದು. ಬಾಲ್ಯದಲ್ಲಿಯೇ ರಾಜರಂಗಶಾಲೆಯ ಶಿಷ್ಯವೃತ್ತಿ ದೊರೆಯಿತು. ೧೮೩೮ರಲ್ಲಿ ಗೀತನಾಟಕದ ಪ್ರಧಾನ ಪಾತ್ರದಲ್ಲಿ ರಂಗವನ್ನೇರಿದಳು. ಅತಿಯಾದ ದುಡಿಮೆಯಿಂದ ಕಂಠ ಕೆಟ್ಟಿತು. ೧೮೪೧ರಲ್ಲಿ ಪ್ಯಾರಿಸ್ಸಿಗೆ ಹೋಗಿ ಮ್ಯಾನ್ಯುಯೆಲ್ ಗಾರ್ಸಿಯಾ ಎಂಬ ಪ್ರಸಿದ್ಧ ಗುರುವನ್ನು ಕಂಡಾಗ, ಆತನು ಮೊದಲು ಕೆಲವು ವಾರ ಹಾಡದೆ ಮೌನವಾಗಿರುವಂತೆ ವಿಧಿಸಿ, ಆಮೇಲೆ ಪಾಠವನ್ನು ಆರಂಭಿಸಿದನು. ಅಲ್ಲಿಂದ ಮುಂದೆ ಜರ್ಮನಿ, ಆಸ್ಟ್ರಿಯಾಗಳಲ್ಲಿ ಕೀರ್ತಿ ಬೆಳೆಯಿತು. ೧೮೪೭ರ ಮೇ ೪ರಂದು ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ಹಾಡಿದುದು ಆ ಕೀರ್ತಿಯ ಶಿಖರವೆನ್ನಬಹುದು. ೧೮೪೯ರ ಮೇ ತಿಂಗಳಲ್ಲಿ, ಇನ್ನೂ ಇಪ್ಪತ್ತೊಂಬತ್ತು ತುಂಬುವ ಮುನ್ನವೇ, ಆಕೆ ನಾಟಕರಂಗವನ್ನು ಶಾಶ್ವತವಾಗಿ ತ್ಯಜಿಸಿ ಕಚೇರಿಗಳಲ್ಲಿ ಮಾತ್ರ ಹಾಡುವ ನಿರ್ಧಾರವನ್ನು ಮಾಡಿದಳು. ಧರ್ಮಶ್ರದ್ಧೆ ಆಕೆಯಲ್ಲಿ ಬಲವಾಗಿದ್ದಿತು. ಸ್ವೀಡನ್ನಿನ ಬಡಮಕ್ಕಳ ಶಾಲೆಗಳಿಗಾಗಿ ನಿಧಿ ಕೂಡಿಸಬೇಕೆಂಬುದು ಆಕೆಯ ಬಹಿರಂಗವಾದ ಸಂಕಲ್ಪವಾಗಿದ್ದಿತು.

ಆಕೆಯನ್ನು ಕರೆಸಿಕೊಂಡವನು ಫಿನಿಯಸ್ ಟೇಲರ್ ಬಾರ್ನಮ್. ಇವನ ಪೂರ್ವವೃತ್ತಾಂತವನ್ನು ತಿಳಿಯದೆ ಮುಂದಿನದು ಅರ್ಥವಾಗಲಾರದು. ನ್ಯೂಯಾರ್ಕಿನಲ್ಲಿ ವಿಚಿತ್ರ ವಸ್ತುಗಳ ಸಂಗ್ರಹಾಲಯವೊಂದನ್ನು ನಡೆಸುತ್ತಿದ್ದ ಇವನು, ಕೋತಿಯ ಮುಂಡಕ್ಕೆ ಮೀನಿನ ಬಾಲವನ್ನು ಹೊಲಿದು ಮಾಡಿದ ವಸ್ತುವನ್ನು ಮತ್ಸ್ಯಕನ್ಯೆಯೆಂದು ೧೮೪೨ರಲ್ಲಿ ಪ್ರದರ್ಶಿಸಿದವನು. ಅದಕ್ಕೂ ಹಿಂದೆ, ೧೮೩೫ರಲ್ಲಿ, ಜಾಯ್ಸ್ ಹೆತ್ ಎಂಬ ಕಣ್ಣು ಕಾಣದ ವೃದ್ಧ ಗುಲಾಮ ಸ್ತ್ರೀಯನ್ನು ಜಾರ್ಜ್ ವಾಷಿಂಗ್ಟನ್ನನ ದಾದಿಯೆಂದೂ, ಆಕೆಗೆ ೧೬೧ ವರ್ಷಗಳೆಂದೂ ಸಾರಿ ಊರೂರು ತಿರುಗಿಸಿದ್ದನು. ಮರುವರ್ಷ ಆಕೆ ಸತ್ತಾಗ ಶವಪರೀಕ್ಷೆಯನ್ನೂ ಟಿಕೆಟ್ಟು ಇಟ್ಟು ನಡೆಸಿದನು. ಇಂಥವನಿಗೆ ಗೌರವಸ್ಥ ಸಮಾಜದಲ್ಲಿ ಸ್ಥಾನ ಬೇಕಾಗಿದ್ದಿತು. ವಿಚಿತ್ರವೆಂದರೆ, ಲಿಂಡಳ ಗಾಯನವನ್ನು ಅವನು ಒಮ್ಮೆಯೂ ಕೇಳಿರಲಿಲ್ಲ. ಅವನು ಕೊಂಡದ್ದು ಧ್ವನಿಯನ್ನಲ್ಲ, ಹೆಸರನ್ನು.

ಒಪ್ಪಂದದ ನಿಬಂಧನೆಗಳು ಸ್ಪಷ್ಟವಾಗಿವೆ. ಪ್ರತಿ ಕಚೇರಿಗೆ ೧,೦೦೦ ಡಾಲರ್; ಪ್ರಯಾಣ, ವಸತಿ, ಪರಿಚಾರಕರು, ಗಾಡಿಕುದುರೆಗಳ ವೆಚ್ಚ ಬಾರ್ನಮನದು. ವಾದ್ಯವೃಂದದ ನಿರ್ದೇಶಕ ಜೂಲಿಯಸ್ ಬೆನೆಡಿಕ್ಟನಿಗೆ ೨೫,೦೦೦, ಸಹಗಾಯಕ ಬೆಲ್ಲೆಟ್ಟಿಗೆ ೧೨,೫೦೦. ಒಟ್ಟು ೧,೮೭,೫೦೦ ಡಾಲರುಗಳನ್ನು, ಆಕೆ ಹಡಗು ಹತ್ತುವ ಮುನ್ನವೇ, ಲಂಡನ್ನಿನ ಬೇರಿಂಗ್ ಸಹೋದರರ ಬ್ಯಾಂಕಿನಲ್ಲಿ ಠೇವಣಿಯಾಗಿ ಇಡತಕ್ಕದ್ದು. ಬಾರ್ನಮನು ತನ್ನ ಆಸ್ತಿಯನ್ನು ಮಾರಿ, ಅಡವಿಟ್ಟು, ಕೊನೆಯಲ್ಲಿ ಕಡಮೆಬಿದ್ದ ೫,೦೦೦ ಡಾಲರುಗಳನ್ನು ಫಿಲಡೆಲ್ಫಿಯಾದ ಪಾದ್ರಿಯೊಬ್ಬನಿಂದ ಸಾಲವಾಗಿ ತಂದನು. ಬಾರ್ನಮನ ಪ್ರಚಾರಚಾತುರ್ಯವನ್ನು ಕುರಿತು ಬರೆದವರು ಬಹುಮಂದಿ; ಲಿಂಡಳ ವ್ಯವಹಾರಜ್ಞಾನವನ್ನು ಗಮನಿಸಿದವರು ವಿರಳ. ಕಲಾವಿದನಿಗೆ ಹಣ ಸೇರುವುದು ಕಾರ್ಯಕ್ರಮ ಮುಗಿದ ಮೇಲೆ ಎಂಬ ರೂಢಿಯನ್ನು ತಲೆಕೆಳಗು ಮಾಡಿದವಳು ಆಕೆ. ಅಪಾಯವನ್ನೆಲ್ಲ ವ್ಯವಸ್ಥಾಪಕನ ಹೆಗಲಿಗೆ ಹೊರಿಸಿದ ಆ ಮುಂಗಡ ಠೇವಣಿಯೇ ಇಂದಿನ ದೊಡ್ಡ ಸಂಚಾರಗಳ ಆರ್ಥಿಕ ತಳಹದಿಯಾಗಿದೆ.

ಆ ಸಮಯದಲ್ಲಿ ಅಮೆರಿಕದ ಸಾಮಾನ್ಯ ಜನಕ್ಕೆ ಆಕೆಯ ಹೆಸರು ಅಷ್ಟಾಗಿ ತಿಳಿದಿರಲಿಲ್ಲ. ಒಪ್ಪಂದದ ಸುದ್ದಿಯನ್ನು ರೈಲುಬಂಡಿಯ ಕಂಡಕ್ಟರನೊಬ್ಬನಿಗೆ ಹೇಳಿದಾಗ, ಆಕೆ ನರ್ತಕಿಯೇ ಎಂದು ಅವನು ಕೇಳಿದನೆಂದು ಬಾರ್ನಮನೇ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಮುಂದಿನ ಎಂಟು ತಿಂಗಳು ವೃತ್ತಪತ್ರಿಕೆಗಳಲ್ಲಿ ಆಕೆಯ ಜೀವನಚರಿತ್ರೆ, ಚಿತ್ರ, ದಾನಗಳ ಪಟ್ಟಿ ಎಡೆಬಿಡದೆ ಪ್ರಕಟವಾದುವು. ಆಕೆಯ ಸ್ವರದ ವ್ಯಾಪ್ತಿಗಿಂತ ಶೀಲ, ಸರಳತೆ, ಔದಾರ್ಯಗಳ ವರ್ಣನೆಯೇ ಅಲ್ಲಿ ಹೆಚ್ಚು. ಕಾರಣವುಂಟು. ನಾಟಕಶಾಲೆಯನ್ನು ಪಾಪದ ನೆಲೆಯೆಂದು ಭಾವಿಸುತ್ತಿದ್ದ ಮಧ್ಯಮವರ್ಗದ ಕ್ರೈಸ್ತ ಕುಟುಂಬಗಳನ್ನು ಟಿಕೆಟ್ಟು ಕೊಂಡು ಒಳಗೆ ಬರುವಂತೆ ಮಾಡಬೇಕಾಗಿದ್ದಿತು. ರಂಗವನ್ನು ತ್ಯಜಿಸಿದ ಗಾಯಕಿಯೇ ಅದಕ್ಕೆ ತಕ್ಕವಳು.

೧೮೫೦ರ ಸೆಪ್ಟೆಂಬರ್ ೧ರಂದು 'ಅಟ್ಲಾಂಟಿಕ್' ಎಂಬ ಉಗಿಹಡಗು ನ್ಯೂಯಾರ್ಕಿನ ದಕ್ಕೆಗೆ ಬಂದಾಗ ಮೂವತ್ತು ನಲವತ್ತು ಸಾವಿರ ಜನ ನೆರೆದಿದ್ದರು. ಸ್ವಾಗತಗೀತೆಗೆ ೨೦೦ ಡಾಲರುಗಳ ಬಹುಮಾನವನ್ನು ಸಾರಲಾಗಿದ್ದಿತು. ನೂರಾರು ಕವಿಗಳು ಸ್ಪರ್ಧಿಸಿದರು. ಬೇಯಾರ್ಡ್ ಟೇಲರ್ ಗೆದ್ದನು. ಸೋತವರು ಪತ್ರಿಕೆಗಳಲ್ಲಿ ಜಗಳವಾಡಿದರು. ಆ ಜಗಳವೂ ಪ್ರಚಾರವೇ ಆಯಿತು. ಮೊದಲ ಕಚೇರಿಯ ಆಸನಗಳನ್ನು ಹರಾಜಿಗೆ ಇಟ್ಟರು. ಹರಾಜನ್ನು ನೋಡುವುದಕ್ಕೇ ಪ್ರವೇಶಶುಲ್ಕ! ಜೆನಿನ್ ಎಂಬ ಟೋಪಿಯ ವ್ಯಾಪಾರಿ ಮೊದಲ ಟಿಕೆಟ್ಟನ್ನು ೨೨೫ ಡಾಲರಿಗೆ ಕೂಗಿದನು. ಮರುದಿನ ದೇಶದ ಪತ್ರಿಕೆಗಳಲ್ಲೆಲ್ಲ ಅವನ ಹೆಸರು; ಟೋಪಿಗಳ ವ್ಯಾಪಾರ ಅದರಿಂದ ಕುದುರಿತು. ಈ ಮರ್ಮ ತಿಳಿದ ಮೇಲೆ ಬಾಸ್ಟನ್ನಿನಲ್ಲಿ ಮೊದಲ ಟಿಕೆಟ್ಟು ೬೨೫ಕ್ಕೂ, ಪ್ರಾವಿಡೆನ್ಸಿನಲ್ಲಿ ೬೫೦ಕ್ಕೂ ಏರಿತು. ಲಿಂಡಳ ಹೆಸರಿನ ಕೈಗವಸು, ಶಾಲು, ಟೋಪಿ, ಕುರ್ಚಿ, ಪಿಯಾನೋಗಳು ಅಂಗಡಿಗಳನ್ನು ತುಂಬಿದುವು; ಒಂದು ಬಗೆಯ ಮಂಚಕ್ಕೆ ಅಮೆರಿಕದಲ್ಲಿ ಇಂದಿಗೂ ಆಕೆಯ ಹೆಸರೇ ಇದೆ.

ಸೆಪ್ಟೆಂಬರ್ ೧೧ರಂದು ಕ್ಯಾಸಲ್ ಗಾರ್ಡನ್ ಎಂಬ ಹಳೆಯ ಕೋಟೆಯ ಸಭಾಂಗಣದಲ್ಲಿ ಮೊದಲ ಕಚೇರಿ ನಡೆಯಿತು. ಇಟಾಲಿಯನ್ ಗೀತನಾಟಕಗಳ ಪ್ರೌಢರಚನೆಗಳೊಡನೆ ನಾರ್ವೆಯ ದನಗಾಹಿಯ ಹಾಡೊಂದನ್ನೂ ಆಕೆ ಹಾಡುತ್ತಿದ್ದಳು. ಪ್ರತಿಧ್ವನಿಯನ್ನು ತನ್ನ ಕಂಠದಿಂದಲೇ ಹೊರಡಿಸುವ ಆ ಹಾಡಿಗೆ ಜನ ಮರುಳಾದರು. ಪ್ರೌಢಸಂಗೀತವನ್ನೂ ಜನಪದಧಾಟಿಯನ್ನೂ ಒಂದೇ ವೇದಿಕೆಯಲ್ಲಿ ಬೆರೆಸಿದ ಈ ಕ್ರಮದಿಂದಲೇ ಆಕೆಯನ್ನು ಜನಪ್ರಿಯ ಗಾಯಕಿಯರ ಸಾಲಿಗೆ ಸೇರಿಸುವುದು ಯುಕ್ತವೆಂದು ನಮಗೆ ತೋರುತ್ತದೆ. ಆ ಧ್ವನಿ ಹೇಗಿದ್ದಿತೆಂಬುದನ್ನು ತಿಳಿಯಲು ಇಂದು ಉಪಾಯವಿಲ್ಲ. ಮೈಸೂರಿನಲ್ಲಿ ೧೯೩೦ರಲ್ಲಿ ತೀರಿಕೊಂಡ ಗೌಹರ್ ಜಾನಳ ಗಾಯನವನ್ನು ೧೯೦೨ರ ಗ್ರಾಮಫೋನ್ ತಟ್ಟೆಗಳಿಂದ ನಾವು ಕೇಳಬಹುದು. ೧೮೮೭ರಲ್ಲಿ ಗತಿಸಿದ ಲಿಂಡಳ ಒಂದು ಸ್ವರವೂ ಉಳಿದಿಲ್ಲ. ಉಳಿದಿರುವುದು ಲೆಕ್ಕ.

ಲೆಕ್ಕವನ್ನು ಪ್ರಕಟಿಸಿದವನು ಬಾರ್ನಮನೇ, ೧೮೫೫ರ ತನ್ನ ಆತ್ಮಕಥೆಯಲ್ಲಿ. ಮತ್ಸ್ಯಕನ್ಯೆಯನ್ನು ತೋರಿಸಿದವನ ಅಂಕಿಗಳನ್ನು ಎಚ್ಚರಿಕೆಯಿಂದಲೇ ಓದಬೇಕು. ಆದರೆ ಅವು ಪರಸ್ಪರ ತಾಳೆಯಾಗುತ್ತವೆ. ಒಟ್ಟು ೯೫ ಕಚೇರಿಗಳು; ಅವುಗಳಲ್ಲಿ ೩೫ ನ್ಯೂಯಾರ್ಕಿನಲ್ಲಿ, ೧೨ ನ್ಯೂ ಆರ್ಲಿಯನ್ಸಿನಲ್ಲಿ, ೩ ಹವಾನಾದಲ್ಲಿ. ಒಟ್ಟು ಉತ್ಪತ್ತಿ ೭,೧೨,೧೬೧ ಡಾಲರ್. ಮೊದಲ ಕಚೇರಿಗೆ ಮುನ್ನವೇ ಒಪ್ಪಂದವನ್ನು ತಿದ್ದಿ, ಪ್ರತಿ ಕಚೇರಿಯ ವೆಚ್ಚಕ್ಕೂ ಬಾರ್ನಮನ ಶ್ರಮಕ್ಕೂ ೫,೫೦೦ ಡಾಲರುಗಳನ್ನು ಕಳೆದು, ಮಿಕ್ಕ ಲಾಭದಲ್ಲಿ ಆಕೆಗೂ ಅರ್ಧಪಾಲು ಸಲ್ಲುವಂತೆ ಏರ್ಪಡಿಸಿದ್ದರು. ಮೊದಲ ಎರಡು ಕಚೇರಿಗಳನ್ನು ಈ ಲೆಕ್ಕದಿಂದ ಬೇರೆಯಾಗಿ ಇಟ್ಟಿದ್ದರು. ಹಳೆಯ ಷರತ್ತೇ ಉಳಿದಿದ್ದರೆ ಮಿಕ್ಕ ೯೩ ಕಚೇರಿಗಳಿಗೆ ಆಕೆಗೆ ೯೩,೦೦೦ ಡಾಲರ್ ಸಲ್ಲುತ್ತಿದ್ದಿತು. ಹೊಸ ಷರತ್ತಿನಂತೆ, ಮೊದಲ ಎರಡು ಕಚೇರಿಗಳ ಪಾಲೂ ಸೇರಿ, ಒಟ್ಟು ೨,೦೮,೬೭೫ ಸಂದಿತು. ೧೮೫೧ರ ಜೂನಿನಲ್ಲಿ ಫಿಲಡೆಲ್ಫಿಯಾದಲ್ಲಿ, ಕುದುರೆಗಳ ಸರ್ಕಸ್ಸಿಗೆ ಬಳಸುತ್ತಿದ್ದ ಕಟ್ಟಡವೊಂದರಲ್ಲಿ ಹಾಡಿಸಿದ್ದು ಅಸಮಾಧಾನವನ್ನು ಹೆಚ್ಚಿಸಿತೆನ್ನುತ್ತಾರೆ. ಲಿಂಡಳು ೩೨,೦೦೦ ಡಾಲರ್ ದಂಡ ತೆತ್ತು ಒಪ್ಪಂದದಿಂದ ಹೊರಬಂದಳು. ಅದನ್ನು ಕಳೆದ ಮೇಲೂ ೧,೭೬,೬೭೫ ಡಾಲರ್ ಉಳಿಯಿತು. ಮುಂದೆ ಒಂದು ವರ್ಷ ತಾನೇ ವ್ಯವಸ್ಥೆ ಮಾಡಿಕೊಂಡು ಹಾಡಿ, ೧೮೫೨ರ ಫೆಬ್ರುವರಿಯಲ್ಲಿ ಬಾಸ್ಟನ್ನಿನಲ್ಲಿ ಪಿಯಾನೋವಾದಕ ಆಟೋ ಗೋಲ್ಡ್‌ಸ್ಮಿಟ್‌ನನ್ನು ಮದುವೆಯಾಗಿ, ಮೇ ತಿಂಗಳಲ್ಲಿ ಯೂರೋಪಿಗೆ ಮರಳಿದಳು.

ಮೊದಲ ಕಚೇರಿಯ ತನ್ನ ಪಾಲನ್ನು, ಸುಮಾರು ೧೦,೦೦೦ ಡಾಲರುಗಳನ್ನು, ನ್ಯೂಯಾರ್ಕಿನ ಧರ್ಮಸಂಸ್ಥೆಗಳಿಗೆ ಆಕೆ ಕೊಟ್ಟಳು. ಈ ವಾರ್ತೆಯನ್ನು ಬಾರ್ನಮನು ಸಭೆಯಲ್ಲಿಯೇ ಸಾರಿದನು. ಆಕೆಯ ಔದಾರ್ಯ ನಿಜವಾದುದು. ಅದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಆದರೆ ಅದು ಮಾರಾಟದ ವಸ್ತುವೂ ಆಗಿದ್ದುದರಿಂದ, ದಾನ ಯಾರಿಗೆ ಸಲ್ಲಬಹುದು, ಯಾರಿಗೆ ಸಲ್ಲಬಾರದು ಎಂಬ ಪ್ರಶ್ನೆಯೂ ವ್ಯಾಪಾರದ ಪ್ರಶ್ನೆಯಾಯಿತು. ಇಲ್ಲಿಯೇ ಲೆಕ್ಕದ ಪುಸ್ತಕದಲ್ಲಿ ಕಾಣದ ಸಂಗತಿ ಎದುರಾಗುತ್ತದೆ.

ಮೊದಲ ಕಚೇರಿಯಾದ ಒಂದೇ ವಾರಕ್ಕೆ, ೧೮೫೦ರ ಸೆಪ್ಟೆಂಬರ್ ೧೮ರಂದು, ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ ಕಾಯಿದೆಗೆ ರಾಷ್ಟ್ರಾಧ್ಯಕ್ಷ ಫಿಲ್‌ಮೋರನು ಅಂಕಿತ ಹಾಕಿದನು. ಉತ್ತರದ ಮುಕ್ತ ಸಂಸ್ಥಾನಗಳಿಗೆ ತಪ್ಪಿಸಿಕೊಂಡು ಬಂದವರನ್ನೂ ಹಿಡಿದು ಒಡೆಯರಿಗೆ ಮರಳಿಸುವುದು ಅದರಿಂದ ಸುಲಭವಾಯಿತು. ಡಿಸೆಂಬರ್ ತಿಂಗಳಲ್ಲಿ ಲಿಂಡಳು ವಾಷಿಂಗ್ಟನ್ನಿನಲ್ಲಿ ಹಾಡಿದಾಗ ಫಿಲ್‌ಮೋರನೂ, ಆ ಕಾಯಿದೆಯನ್ನು ಬೆಂಬಲಿಸಿದ ಡೇನಿಯಲ್ ವೆಬ್‌ಸ್ಟರನೂ ಶ್ರೋತೃಗಳಲ್ಲಿದ್ದರು. ಅಲ್ಲಿಂದ ಮುಂದಿನ ದಾರಿ ರಿಚ್‌ಮಂಡ್, ಚಾರ್ಲ್ಸ್‌ಟನ್, ಹವಾನಾ, ನ್ಯೂ ಆರ್ಲಿಯನ್ಸ್; ಎಲ್ಲವೂ ಗುಲಾಮರ ದುಡಿಮೆಯ ಮೇಲೆ ನಿಂತ ಊರುಗಳು. ಆಕೆ ಗುಲಾಮಗಿರಿಯ ನಿರ್ಮೂಲನವಾದಿಗಳಿಗೆ ಹಣ ಕೊಟ್ಟಿದ್ದಾಳೆಂಬ ವದಂತಿ ದಕ್ಷಿಣದಲ್ಲಿ ಹಬ್ಬಿತು. ಬಾರ್ನಮನು ತಡಮಾಡದೆ ವಾಷಿಂಗ್ಟನ್ನಿನ ಪತ್ರಿಕಾಸಂಪಾದಕನಿಗೆ ಕಾಗದ ಬರೆದು ಅದನ್ನು ಸಾರಾಸಗಟಾಗಿ ಅಲ್ಲಗಳೆದನು. ಅಗ್ನಿಶಾಮಕ ದಳಕ್ಕೆ, ಅನಾಥರಿಗೆ, ವೃದ್ಧೆಯರಿಗೆ ಕೊಟ್ಟದ್ದು ಜಾಹೀರಾತಾಗಿದ್ದ ಸಂಚಾರದಲ್ಲಿ, ಗುಲಾಮರಿಗೆ ಕೊಟ್ಟಿಲ್ಲವೆಂಬುದೂ ಹೀಗೆ ಜಾಹೀರಾತಾಯಿತು. ಲಿಂಡಳು ಬಹಿರಂಗವಾಗಿ ಅದನ್ನು ಸಮರ್ಥಿಸಲೂ ಇಲ್ಲ, ಖಂಡಿಸಲೂ ಇಲ್ಲ.

ಆಕೆಯನ್ನು ಅಪರಾಧಿಯೆನ್ನುವುದು ಸುಲಭ, ಅದು ಪೂರ್ಣಸತ್ಯವಾಗಲಾರದು. ೧೮೫೨ರ ವಸಂತದಲ್ಲಿ, ಒಪ್ಪಂದದ ಹಂಗು ತೀರಿ, ದೇಶವನ್ನು ಬಿಡುವ ಹೊತ್ತಿಗೆ, ಕಾದಂಬರಿಕಾರ್ತಿ ಹ್ಯಾರಿಯೆಟ್ ಬೀಚರ್ ಸ್ಟೋ ಬರೆದು ಕೇಳಿದಾಗ, ಎಡ್ಮನ್‌ಸನ್ ಎಂಬ ಕುಟುಂಬದ ಮಕ್ಕಳನ್ನು ಗುಲಾಮಗಿರಿಯಿಂದ ಬಿಡಿಸುವ ನಿಧಿಗೆ ಆಕೆ ಹಣ ಕಳುಹಿಸಿದಳು. ಆದರೆ ಕಾಲವನ್ನು ಗಮನಿಸಬೇಕು. ಈ ದಾನ ಬಂದದ್ದು ಸಂಚಾರ ಮುಗಿಯುತ್ತಿದ್ದಾಗ, ಇನ್ನು ಮಾರಬೇಕಾದ ಟಿಕೆಟ್ಟು ಉಳಿಯದಿದ್ದಾಗ.

೧೮೫೧ರಲ್ಲಿ ಲಿಂಡಳು ಹಾಡಿದ ಊರುಗಳ ಪಟ್ಟಿಯಲ್ಲಿ ಮಿಸಿಸಿಪಿ ನದಿಯ ದಂಡೆಯ ನ್ಯಾಚೆಜ್ ಸಹ ಇದೆ. ಅಲ್ಲಿ ಒಂದೇ ಕಚೇರಿ. ಆ ಊರಿನಲ್ಲಿ ಗುಲಾಮಳಾಗಿ ಹುಟ್ಟಿ, ಎಳೆತನದಲ್ಲಿಯೇ ಬಿಡುಗಡೆಹೊಂದಿ, ಫಿಲಡೆಲ್ಫಿಯಾದ ಕ್ವೇಕರ್ ಮನೆಯಲ್ಲಿ ಬೆಳೆದ ಎಲಿಜಬೆತ್ ಟೇಲರ್ ಗ್ರೀನ್‌ಫೀಲ್ಡ್ ಎಂಬ ಕಪ್ಪು ಗಾಯಕಿ, ಅದೇ ವರ್ಷದ ಅಕ್ಟೋಬರಿನಲ್ಲಿ ಬಫಲೋ ನಗರದಲ್ಲಿ ಮೊದಲ ಸಾರ್ವಜನಿಕ ಕಚೇರಿಯನ್ನು ನಡೆಸಿದಳು. ಲಿಂಡಳನ್ನು 'ಸ್ವೀಡನ್ನಿನ ಕೋಗಿಲೆ' ಎಂಬ ಅರ್ಥದ ಬಿರುದಿನಿಂದ ಕರೆಯುತ್ತಿದ್ದ ಪತ್ರಿಕೆಗಳು ಈಕೆಯನ್ನು 'ಕಪ್ಪು ಹಂಸ'ವೆಂದುವು. ಬಾರ್ನಮನ ದಾರಿಯನ್ನೇ ಹಿಡಿದ ವ್ಯವಸ್ಥಾಪಕನೊಬ್ಬನು ಈಕೆಯ ಸಂಚಾರವನ್ನೂ ಏರ್ಪಡಿಸಿದನು. ೧೮೫೩ರ ಮಾರ್ಚ್ ೩೧ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಹಾಲಿನಲ್ಲಿ ಸುಮಾರು ನಾಲ್ಕು ಸಾವಿರ ಬಿಳಿಯರ ಮುಂದೆ ಈಕೆ ಹಾಡಿದಳು. ಕಟ್ಟಡಕ್ಕೆ ಬೆಂಕಿಯಿಡುವ ಬೆದರಿಕೆ ಬಂದಿದ್ದುದರಿಂದ ಪೊಲೀಸರು ಕಾವಲಿದ್ದರು. ಕಪ್ಪು ಜನರಿಗೆ ಅಂದು ಪ್ರವೇಶವಿರಲಿಲ್ಲ. ಗ್ರೀನ್‌ಫೀಲ್ಡಳು ತನ್ನ ಜನರ ಕ್ಷಮೆ ಬೇಡಿ, ಅವರಿಗಾಗಿ ನಗರದ ಬೇರೊಂದು ಕಡೆ, ಅವರದೇ ಅನಾಥಾಲಯ ಮೊದಲಾದ ಸಂಸ್ಥೆಗಳ ಸಹಾಯಾರ್ಥವಾಗಿ, ಪ್ರತ್ಯೇಕವಾಗಿ ಹಾಡಿದಳು.