ಕಠಿಣ ಶ್ವಾಸಮಾರ್ಗದ ಮುನ್ಸೂಚನೆ: ಪರೀಕ್ಷೆಯ ಮಿತಿ, ಸಿದ್ಧತೆಯ ಹೊಣೆ

ಸಾಮಾನ್ಯ ಅರಿವಳಿಕೆ ಕೊಟ್ಟು ಸ್ನಾಯುಗಳನ್ನು ಸಡಿಲಗೊಳಿಸಿದ ಗಳಿಗೆಯಿಂದ ರೋಗಿಯ ಉಸಿರಾಟದ ಹೊಣೆ ಪೂರ್ತಿಯಾಗಿ ಅರಿವಳಿಕೆ ತಜ್ಞರದು. ಮಾಸ್ಕಿನಿಂದ ಆಮ್ಲಜನಕ ಒಳಹೋಗದೆ, ಶ್ವಾಸನಾಳಕ್ಕೆ ಟ್ಯೂಬನ್ನೂ ಇಳಿಸಲಾಗದೆ ಹೋದರೆ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಹಾನಿಯಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಬಾಯಿ ತೆರೆಸಿ, ಕತ್ತನ್ನು ಹಿಂದಕ್ಕೆ ಬಾಗಿಸಿ, ಗದ್ದದಿಂದ ಥೈರಾಯ್ಡ್ ಮೃದ್ವಸ್ಥಿಯವರೆಗಿನ ಅಂತರ ಅಳೆಯುವ ಪದ್ಧತಿ ಬೆಳೆದದ್ದು ಈ ಭಯದಿಂದ. ಆದರೆ ಈ ಪರೀಕ್ಷೆಗಳು ಮುನ್ಸೂಚನೆಯಲ್ಲಿ ದುರ್ಬಲವೆಂದು ದೊಡ್ಡ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಹಾಗಿದ್ದೂ ಅವನ್ನು ಕೈಬಿಡುವಂತಿಲ್ಲ. ಅವುಗಳಿಗೆ ನಾವು ಹಾಕುವ ಪ್ರಶ್ನೆ ಬದಲಾಗಬೇಕು ಎಂಬುದು ಈ ಲೇಖನದ ವಾದ.

ಭಾರತ ಮೂಲದ ಶೇಷಗಿರಿ ರಾವ್ ಮಲ್ಲಂಪಾಟಿ 1985ರಲ್ಲಿ, 210 ರೋಗಿಗಳ ಅಧ್ಯಯನದ ಆಧಾರದಲ್ಲಿ, ಒಂದು ಸರಳ ವರ್ಗೀಕರಣವನ್ನು ಮುಂದಿಟ್ಟರು. ಕುಳಿತ ರೋಗಿ ಬಾಯಿ ತೆರೆದು ನಾಲಿಗೆ ಚಾಚಿದಾಗ ಕಿರುನಾಲಿಗೆ, ಮೃದು ಅಂಗುಳ ಎಷ್ಟು ಕಾಣುತ್ತವೆ ಎಂಬುದೇ ಅದರ ಅಳತೆಗೋಲು. 1987ರಲ್ಲಿ ಸ್ಯಾಮ್ಸೂನ್ ಮತ್ತು ಯಂಗ್ ಅದಕ್ಕೆ ನಾಲ್ಕನೆಯ ದರ್ಜೆ ಸೇರಿಸಿದರು. ಶಿಗಾ ಮತ್ತು ಸಂಗಡಿಗರು 2005ರಲ್ಲಿ 35 ಅಧ್ಯಯನಗಳ 50,760 ರೋಗಿಗಳ ಮಾಹಿತಿಯನ್ನು ಒಗ್ಗೂಡಿಸಿದಾಗ, ಟ್ಯೂಬ್ ಹಾಕಲು ಕಷ್ಟವಾದವರು ಶೇ. 5.8, ಮಲ್ಲಂಪಾಟಿ ಪರೀಕ್ಷೆಯ ಸಂವೇದನಶೀಲತೆ ಶೇ. 49, ನಿರ್ದಿಷ್ಟತೆ ಶೇ. 86. ಈ ಅಂಕಿಗಳನ್ನು ಸಾವಿರ ರೋಗಿಗಳಿಗೆ ಅನ್ವಯಿಸಿದರೆ, ಕಷ್ಟದ 58 ಮಂದಿಯಲ್ಲಿ ಸುಮಾರು 28 ಮಂದಿ ಮಾತ್ರ ಪರೀಕ್ಷೆಗೆ ಸಿಗುತ್ತಾರೆ. ಅವರೊಂದಿಗೆ, ಯಾವ ಕಷ್ಟವೂ ಆಗದ ಸುಮಾರು 132 ಮಂದಿಯ ಮೇಲೂ ಎಚ್ಚರಿಕೆಯ ಗುರುತು ಬೀಳುತ್ತದೆ. ಅಂದರೆ ಆರು ಎಚ್ಚರಿಕೆಗಳಲ್ಲಿ ನಿಜವಾಗುವುದು ಹೆಚ್ಚುಕಡಿಮೆ ಒಂದು.

ವಾಸ್ತವದ ಚಿಕಿತ್ಸೆಯಲ್ಲೂ ಚಿತ್ರ ಬೇರೆಯಿಲ್ಲ. ಡೆನ್ಮಾರ್ಕಿನ ಅರಿವಳಿಕೆ ದತ್ತಸಂಚಯದ 1,88,064 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ 2015ರ ಅಧ್ಯಯನದಲ್ಲಿ, ಟ್ಯೂಬ್ ಹಾಕಲು ಕಷ್ಟವಾದ ಪ್ರಕರಣಗಳಲ್ಲಿ ಶೇ. 93 ಅನಿರೀಕ್ಷಿತವಾಗಿದ್ದವು. ಅರಿವಳಿಕೆ ತಜ್ಞ ಯೆಂಟಿಸ್ 2002ರಲ್ಲೇ, ಇಂಥ ಮುನ್ಸೂಚನೆ ಉಪಯುಕ್ತ ಅಭ್ಯಾಸವೋ ಅರ್ಥವಿಲ್ಲದ ಆಚರಣೆಯೋ ಎಂದು ಕೇಳಿದ್ದರು. ಆ ಸಂದೇಹಕ್ಕೆ ಗಟ್ಟಿ ತಳಹದಿಯಿದೆ: ತೊಂದರೆ ಅಪರೂಪವಾದಷ್ಟೂ ಒಳ್ಳೆಯ ಪರೀಕ್ಷೆಯ ಎಚ್ಚರಿಕೆಯೂ ಬಹುಪಾಲು ಹುಸಿಯಾಗುತ್ತದೆ. ಹಲವು ಪರೀಕ್ಷೆಗಳನ್ನು ಜೋಡಿಸಿದರೆ ನಿಖರತೆ ಸುಧಾರಿಸಬಹುದು, ಆದರೆ ಈ ಗಣಿತದಿಂದ ಬಿಡುಗಡೆಯಿಲ್ಲ.

ಆದರೂ ಈ ಅಂಕಿಅಂಶಗಳಿಂದ ಪರೀಕ್ಷೆಯೇ ವ್ಯರ್ಥವೆಂದು ತೀರ್ಮಾನಿಸುವುದು ಅವಸರ. ಶಿಗಾ ಅವರ ವಿಶ್ಲೇಷಣೆ ಮೇಲ್ನೋಟಕ್ಕೆ ಸಹಜವಾಗಿ ಕಾಣುವ ರೋಗಿಗಳಿಗೆ ಸಂಬಂಧಿಸಿದ್ದು; ಕಣ್ಣಿಗೆ ಕಾಣುವ ಅಡ್ಡಿಯಿರುವವರು ಅದರ ಲೆಕ್ಕದ ಹೊರಗಿದ್ದಾರೆ. ಅಡಿಕೆ ಬೆಳೆಯಲ್ಲಿ ದೇಶಕ್ಕೇ ಮುಂದಿರುವ ಕರ್ನಾಟಕದಲ್ಲಿ ಈ ವ್ಯತ್ಯಾಸ ಮುಖ್ಯ. ಅಡಿಕೆ, ಗುಟ್ಕಾ ಜಗಿಯುವುದರಿಂದ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್‌ನಲ್ಲಿ ಬಾಯಿಯ ಒಳಪದರ ಗಡುಸಾಗಿ ದವಡೆ ಬಿಗಿಯುತ್ತದೆ. ಒಂದೇ ಬೆರಳು ಹಿಡಿಸುವಷ್ಟು ತೆರೆಯುವ ಬಾಯಿ ಸಂಭವನೀಯತೆಯ ಸೂಚನೆಯಾಗಿ ಉಳಿಯುವುದಿಲ್ಲ. ಧ್ವನಿಪೆಟ್ಟಿಗೆಯನ್ನು ನೋಡಲು ಬಳಸುವ ಲಾರಿಂಗೋಸ್ಕೋಪಿನ ಬ್ಲೇಡ್ ಅಲ್ಲಿ ತೂರಲಾರದು. ಇನ್ನೊಂದು ವಿಷಯ: ಮುನ್ಸೂಚನೆಯನ್ನು ನಂಬಿ ಎಚ್ಚರವಿರುವಾಗಲೇ ಫೈಬರ್ ಆಪ್ಟಿಕ್ ವಿಧಾನದಿಂದ ಟ್ಯೂಬ್ ಹಾಕಿದ ರೋಗಿಯಲ್ಲಿ ಕಷ್ಟವೇ ಕಾಣಿಸದಿರಬಹುದು. ಆಗ ಪರೀಕ್ಷೆಯ ಗೆಲುವೂ ದಾಖಲೆಯಲ್ಲಿ ಹುಸಿ ಎಚ್ಚರಿಕೆಯಂತೆ ಕಾಣುತ್ತದೆ.

ವಿಡಿಯೊ ಲಾರಿಂಗೋಸ್ಕೋಪ್ ಬಂದ ಮೇಲೆ ಇದೆಲ್ಲ ಏಕೆ ಎಂಬ ಆಕ್ಷೇಪವಿದೆ. ಆ ಸಾಧನದಿಂದ ವಿಫಲ ಪ್ರಯತ್ನಗಳು ಕಡಿಮೆಯಾಗಿರುವುದು ನಿಜ. ಆದರೆ ಅದಕ್ಕೂ ಬಾಯಿ ತೆರೆಯಬೇಕು. ಮಾಸ್ಕಿನಿಂದ ಗಾಳಿ ಹೋಗದಿರುವ ಕಷ್ಟ ಅದರಿಂದ ತಪ್ಪುವುದೂ ಇಲ್ಲ. ಲಾಂಜೆರೋನ್ ಮತ್ತು ಸಂಗಡಿಗರು 2000ದಲ್ಲಿ ಗುರುತಿಸಿದ ಮಾಸ್ಕ್ ಕಷ್ಟದ ಸುಳಿವುಗಳು ಬೇರೆಯವೇ: ಗಡ್ಡ, ಹಲ್ಲಿಲ್ಲದ ಬಾಯಿ, ಗೊರಕೆ, 55 ದಾಟಿದ ವಯಸ್ಸು, ಹೆಚ್ಚಿದ ದೇಹತೂಕ. ಆದ್ದರಿಂದ ‘ಕಠಿಣವೋ ಸುಲಭವೋ’ ಎಂಬ ಒಂದೇ ಪ್ರಶ್ನೆ ಸಾಲದು. ಮಾಸ್ಕ್, ಧ್ವನಿಪೆಟ್ಟಿಗೆಯ ಮೇಲೆ ಕೂರುವ ಸಾಧನ, ಟ್ಯೂಬ್, ಕತ್ತಿನ ಮುಂಭಾಗದ ತುರ್ತು ರಂಧ್ರ ಎಂಬ ನಾಲ್ಕು ಮಾರ್ಗಗಳಲ್ಲಿ ಈ ರೋಗಿಗೆ ಯಾವುದು ಮುಚ್ಚಿರಬಹುದು, ಯಾವುದು ಉಳಿದಿದೆ ಎಂದು ಕೇಳಬೇಕು.

ಹುಸಿ ಎಚ್ಚರಿಕೆಗಳ ಹೊರೆ ಹೊರುವವರು ಯಾರು ಎಂಬುದು ಉಳಿದ ಆಕ್ಷೇಪ. ಇಲ್ಲಿ ಸಿದ್ಧತೆಗಳ ವೆಚ್ಚವನ್ನು ಬೇರೆಬೇರೆಯಾಗಿ ತೂಗಬೇಕು. ಮುಂಚಿತವಾಗಿ ಚೆನ್ನಾಗಿ ಆಮ್ಲಜನಕ ಕೊಡುವುದು, ತಲೆಯಡಿ ದಿಂಬು ಸರಿಪಡಿಸುವುದು, ಇನ್ನೊಬ್ಬ ತಜ್ಞರನ್ನು ಕರೆದಿಟ್ಟುಕೊಳ್ಳುವುದು ಅಗ್ಗದ ಕೆಲಸಗಳು. ದುರ್ಬಲ ಸುಳಿವೊಂದೇ ಅವಕ್ಕೆ ಸಾಕು. ಎಚ್ಚರದಲ್ಲೇ ಟ್ಯೂಬ್ ಹಾಕುವುದು ರೋಗಿಗೂ ತಂಡಕ್ಕೂ ಭಾರವಾದದ್ದು. ಅದಕ್ಕೆ ಕಣ್ಣಿಗೆ ಕಾಣುವ ಅಡ್ಡಿಯೋ ಹಲವು ಸುಳಿವುಗಳ ಕೂಡಿಕೆಯೋ ಬೇಕು. ಬ್ರಿಟನ್ನಿನ 2011ರ ರಾಷ್ಟ್ರೀಯ ಪರಿಶೀಲನೆ ಅರಿವಳಿಕೆಯ 133 ಗಂಭೀರ ಶ್ವಾಸಮಾರ್ಗ ಅವಘಡಗಳನ್ನು ವಿಶ್ಲೇಷಿಸಿತು. ಪರೀಕ್ಷೆ ಮಾಡದಿರುವುದರ ಜೊತೆಗೆ, ಪರೀಕ್ಷೆಯಲ್ಲಿ ಕಂಡದ್ದಕ್ಕೆ ತಕ್ಕಂತೆ ವಿಧಾನ ಬದಲಿಸದಿರುವುದನ್ನೂ ಅದು ಲೋಪವೆಂದು ಗುರುತಿಸಿತು. ಭಾರತದ ಕಠಿಣ ಶ್ವಾಸಮಾರ್ಗ ಸಂಘ 2016ರಲ್ಲಿ ಪ್ರಕಟಿಸಿದ ಮಾರ್ಗಸೂಚಿಗಳೂ ಅನಿರೀಕ್ಷಿತ ಕಷ್ಟವನ್ನು ಹಂತಹಂತವಾಗಿ ಎದುರಿಸುವ ದಾರಿಯನ್ನು ಹಾಕಿಕೊಟ್ಟಿವೆ. ಆದ್ದರಿಂದ ಮುಂದಿನ ಸಂಶೋಧನೆ ಪರೀಕ್ಷೆ ಎಷ್ಟು ಸಲ ನಿಜ ನುಡಿಯಿತು ಎಂದು ಎಣಿಸಿ ನಿಲ್ಲಬಾರದು. ಮೊದಲ ಪ್ರಯತ್ನ ಸೋತಾಗ ಎರಡನೆಯ ಮಾರ್ಗ ಎಷ್ಟು ಸಲ ಸಿದ್ಧವಿತ್ತು, ರೋಗಿಯ ಆಮ್ಲಜನಕದ ಮಟ್ಟ ಎಷ್ಟು ಕುಸಿಯಿತು ಎಂಬುದನ್ನು ಅಳೆಯಬೇಕು.